ಎಮ್ಮೆ ಹಲಗೆ

ಉಪ್ಪಕ್ಕ ತನಗೆಂದು ಆರಿಸಿಟ್ಟಿದ್ದ ಹಲಗೆಯನ್ನು ಯಜಮಾನರು ಅವಳಿಗೊಂದು ಮಾತೂ ಹೇಳದೆ ಕಡಲದಂಡೆಯ ಹೋಟೆಲಿಗೆ ಮಾರಿಬಿಟ್ಟರು. ಗುರುತಿಗೆಂದು ಅವಳು ಕಟ್ಟಿದ್ದ ಬಟ್ಟೆಯ ಚೂರನ್ನು ಯಾರೋ ಬಿಚ್ಚಿ ಕಸದ ಬುಟ್ಟಿಗೆ ಹಾಕಿದ್ದರು.

ಅದು ಅಲೆಯ ಮೇಲೆ ನಿಂತು ಜಾರುವ ಹಲಗೆ, ಒಂಬತ್ತೂವರೆ ಅಡಿ ಉದ್ದದ್ದು. ಸರ್ಫಿಂಗ್ ಮಾಡುವವರು ಇಂಥದ್ದನ್ನು ಲಾಂಗ್‌ಬೋರ್ಡ್ ಅನ್ನುತ್ತಾರೆ. ಕಾರ್ಖಾನೆಯವರು ಈ ಒಂದನ್ನು ಮಾತ್ರ ಎಮ್ಮೆ ಅನ್ನುತ್ತಿದ್ದರು. ಅದಕ್ಕೆ ಆ ಹೆಸರು ಬಂದದ್ದೂ, ಬಹುಕಾಲ ಅಲೆಯನ್ನು ದಡದಿಂದ ಮಾತ್ರ ನೋಡಿದ್ದ ಹೆಂಗಸೊಬ್ಬಳು ಆ ಎಮ್ಮೆಯೇ ಬೇಕೆಂದು ಪಟ್ಟು ಹಿಡಿದದ್ದೂ ಹೇಗೆ ಅನ್ನುವುದನ್ನು ಮೊದಲಿಂದ ಹೇಳಬೇಕು.

ಟೈರ್ ಅಂಗಡಿಗೂ ಅಚ್ಚುಕೂಟಕ್ಕೂ ನಡುವೆ ಸಿಕ್ಕಿಕೊಂಡಂತಿದ್ದ ಕಾರ್ಖಾನೆ ಅದು. ರಸ್ತೆಯಿಂದ ನೋಡಿದರೆ ಗಾಜಿನ ಬಾಗಿಲು, ಒಳಗೆ ಬಣ್ಣಬಣ್ಣದ ಹಲಗೆಗಳು, ತಣ್ಣನೆ ಗಾಳಿ. ಹಿಂದಕ್ಕೆ ಹೋದರೆ ಸಾಲಾಗಿ ಮೂರು ಕೋಣೆ. ಮೊದಲನೆಯದರಲ್ಲಿ ಮೇಸ್ತ್ರಿ ಫೋಮಿನ ದಿಮ್ಮಿಯನ್ನು ಹಲಗೆಯ ಆಕಾರಕ್ಕೆ ಕೆತ್ತುತ್ತಿದ್ದ. ಎರಡನೆಯದರಲ್ಲಿ ಅದಕ್ಕೆ ಫೈಬರ್ ಬಟ್ಟೆ ಹೊದಿಸಿ ರಾಳ ಸುರಿಯುತ್ತಿದ್ದರು. ಮೂರನೆಯದು ಉಜ್ಜುವ ಕೋಣೆ. ಅಲ್ಲಿದ್ದವರೆಲ್ಲ ಹೆಂಗಸರೇ. ಇದ್ದ ಒಂದೇ ಕಿಟಕಿಗೆ ಹಲಗೆ ಹೊಡೆದು ಮುಚ್ಚಿದ್ದರು. ಗಾಳಿ ಬಂದರೆ ಹೊಳಪಿನ ಮೇಲೆ ಧೂಳು ಕೂರುತ್ತದಂತೆ. ಉಜ್ಜುವವರ ಎದೆಯೊಳಗೆ ಕೂತರೆ ಅಡ್ಡಿಯಿರಲಿಲ್ಲ.

ಉಪ್ಪಕ್ಕ ಆ ಕೋಣೆಯವಳು. ದಿನವಿಡೀ ಮರಳುಕಾಗದ ಹಿಡಿದು ಉಜ್ಜಿ ಉಜ್ಜಿ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗಾಗಿ, ಉಪ್ಪಿನ ಭರಣಿಯಿಂದ ಆಗಷ್ಟೇ ಎದ್ದು ಬಂದವಳಂತೆ ಕಾಣುತ್ತಿದ್ದಳು. ಹಾಗಂತ ಮೊದಲು ಹೇಳಿದ್ದು ಅವಳ ಪಕ್ಕದಲ್ಲೇ ಉಜ್ಜುತ್ತಿದ್ದ ದೊಡ್ಡಮ್ಮ. ಆ ಹೆಸರೇ ಅಂಟಿಕೊಂಡಿತು. ದೊಡ್ಡಮ್ಮ ಯಾರಿಗೂ ದೊಡ್ಡಮ್ಮನಲ್ಲ. ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ಬಾಯಿ ಜೋರು, ಅಷ್ಟೇ.

ಇವರು ಉಜ್ಜಿದ ಹಲಗೆಗಳು ಕಡಲು ದಾಟಿ ಹೋಗುತ್ತಿದ್ದವು. ಬಹುಕಾಲ ಇವರಲ್ಲಿ ಒಬ್ಬಳಾದರೂ ಹಲಗೆ ಹಿಡಿದು ಕಡಲಿಗೆ ಇಳಿದಿರಲಿಲ್ಲ. ಇಳಿಯಬೇಡಿ ಅಂತ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಕಾರ್ಖಾನೆಯ ವಾರ್ಷಿಕ ಸಮಾರಂಭದಲ್ಲಿ ಯಜಮಾನರು ಮೈಕು ಹಿಡಿದು, “ಇಲ್ಲಿ ಹತ್ತು ವರ್ಷ ದುಡಿದವರಿಗೆ ಅವರಿಗೆ ಇಷ್ಟವಾದ ಒಂದು ಹಲಗೆ ಉಡುಗೊರೆ. ಯಾವುದಾದರೂ ಸರಿ, ಕೈ ತೋರಿಸಿದರೆ ಸಾಕು,” ಎಂದಿದ್ದರು. ಚಪ್ಪಾಳೆಯೋ ಚಪ್ಪಾಳೆ. ಹತ್ತು ವರ್ಷ ತುಂಬಿಸಿದ ಮೊದಲ ಇಬ್ಬರು ಹಲಗೆ ಇಟ್ಟುಕೊಂಡು ಏನು ಮಾಡುವುದೆಂದು ಅದರ ಬದಲು ಗೋಡೆ ಗಡಿಯಾರ ಇಸ್ಕೊಂಡರು. ಯಜಮಾನರ ಔದಾರ್ಯ ಹೀಗೆ ಗಡಿಯಾರದಲ್ಲೇ ಮುಗಿಯುತ್ತಿತ್ತು. ಉಪ್ಪಕ್ಕನ ಸರದಿ ಬಂತು.

“ಗಡಿಯಾರ ಬೇಡ. ಮನೇಲಿ ಗಂಟೆ ಹೊಡೆಯೋಕೆ ನನ್ನ ಗಂಡ ಇದಾನೆ,” ಎಂದಳು ಉಪ್ಪಕ್ಕ. “ನಂಗೆ ಹಲಗೇನೇ ಬೇಕು.”

“ಇಸ್ತ್ರಿ ಮಾಡ್ತೀಯಾ ಅದರ ಮೇಲೆ?” ಎಂದ ಮೇಸ್ತ್ರಿ.

“ನಿಂತ್ಕೋತೀನಿ.”

ಇಡೀ ಕೋಣೆ ನಕ್ಕಿತು. ದೊಡ್ಡಮ್ಮ ನಕ್ಕ ರಭಸಕ್ಕೆ ಮುಖಕ್ಕೆ ಕಟ್ಟಿದ್ದ ಮಾಸ್ಕೇ ಜಾರಿತು.

ಆದರೆ ಉಪ್ಪಕ್ಕ ತಮಾಷೆ ಮಾಡಿರಲಿಲ್ಲ. ಅವಳ ನಾದಿನಿ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು, ಭಾನುವಾರ ಅಲೆಯ ಮೇಲೆ ಜಾರುವವಳು. ಒಂದು ಭಾನುವಾರ ಅತ್ತಿಗೆಯನ್ನೂ ಎಳೆದುಕೊಂಡು ಹೋಗಿ, ಮಕ್ಕಳು ಕಲಿಯುವ ಮೆತ್ತನೆ ಹಲಗೆಯೊಂದರ ಮೇಲೆ ಬೋರಲು ಮಲಗಿಸಿ, ಹಿಂದಿನಿಂದ ನೊರೆ ಬಂದಾಗ ಬಿಟ್ಟುಬಿಟ್ಟಿದ್ದಳು. ಸೊಂಟದಷ್ಟು ನೀರು, ಮೊಳದುದ್ದದ ನೊರೆ. ಆದರೂ ಅದು ಉಪ್ಪಕ್ಕನನ್ನು ಎತ್ತಿ, ಹಿಂದಿನಿಂದ ಯಾರೋ ಪ್ರೀತಿಯಿಂದ ದೂಡಿದ ಹಾಗೆ, ದಡದ ಮರಳಿನವರೆಗೂ ತಂದು ಬಿಟ್ಟಿತು. ಇಷ್ಟು ವರ್ಷ ಹಲಗೆಗಳನ್ನು ದೂಡಿದವಳು ಇವಳು. ತನ್ನನ್ನೇ ಒಂದು ಹಲಗೆ ಹೊತ್ತು ನಡೆದದ್ದು ಅದೇ ಮೊದಲು. ಬಾಯಿ ತುಂಬ ನೀರು ಹೋಗುವಷ್ಟು ನಕ್ಕಳು. ಆಮೇಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಆ ಮೆತ್ತನೆ ಹಲಗೆ ಮಕ್ಕಳ ತೂಕಕ್ಕೆ ಮಾಡಿದ್ದು. ಅವಳು ಎದ್ದು ನಿಲ್ಲಲು ಹೋದರೆ ನಡುವಿಗೆ ಬಾಗುತ್ತಿತ್ತು. ಎದ್ದು ನಿಲ್ಲಬೇಕಾದರೆ ತನ್ನದೇ ಹಲಗೆ ಬೇಕಿತ್ತು.

“ನಿನ್ನ ಮೊಣಕಾಲು?” ಎಂದು ಗಂಡ ಕೇಳಿದ. ಅವನು ಫ್ರಿಜ್ ರಿಪೇರಿ ಮಾಡುವವನು. ಯಾವ ಯಂತ್ರ ಎಲ್ಲಿ ಕೈಕೊಡುತ್ತದೆ ಅನ್ನುವುದು ಅವನ ಚಿಂತೆ.

“ಮೊಣಕಾಲು ನೆಲದ ಮೇಲೆ ನಿಂತಾಗ ನೋಯೋದು. ನೀರಿನ ಮೇಲೆ ಹೇಗೋ ನೋಡೋಣ,” ಎಂದಳು.

ಇನ್ನು ಹಲಗೆ ಆರಿಸುವುದು. ಇದರಲ್ಲಿ ಉಪ್ಪಕ್ಕ ತಾನು ಯಾರಿಗೂ ಕಮ್ಮಿಯಿಲ್ಲ ಅಂದುಕೊಂಡಿದ್ದಳು. ಕಣ್ಣು ಮುಚ್ಚಿ ಅಂಗೈ ಸವರಿದರೆ ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ಹೇಳುವ ಕೈ ಅದು. ಆ ಕೈಯೇ ಅವಳಿಗೆ ಮೋಸ ಮಾಡಿತು.

ಉಜ್ಜುವವರಿಗೆ ಚೆಲುವಾದ ಹಲಗೆ ಅಂದರೆ ಅಂಚು ತೆಳ್ಳಗಿರಬೇಕು, ಮೂತಿ ಚೂಪಾಗಿರಬೇಕು, ಒಂದೇ ಎಳೆತಕ್ಕೆ ಕಾಗದ ತುದಿ ಮುಟ್ಟಬೇಕು. ದಪ್ಪ ಅಂಚಿನದು ಬಂದರೆ ಕೋಣೆಯಲ್ಲಿ ಬೈಗುಳ ಶುರು. ಭುಜ ಬಿದ್ದುಹೋಗುತ್ತದೆ. ಹಾಗಾಗಿ ಅವಳ ಕಣ್ಣು ಹೋದದ್ದು ರಾಣಿ ಎಂದು ಎಲ್ಲರೂ ಕರೆಯುತ್ತಿದ್ದ ಹಲಗೆಯ ಮೇಲೆ. ಅವಳಿಗಿಂತ ಗೇಣುದ್ದ ಎತ್ತರ, ಬಳುಕುವ ನಡು, ಮುಖ ನೋಡಿಕೊಳ್ಳುವಂಥ ಹೊಳಪು. ಆ ಹೊಳಪು ಅವಳದೇ ಕೈಕೆಲಸ. ಆರಿಸುವ ಮುಂಚೆ ಒಂದು ಸಲ ನೀರಿಗೆ ಹಾಕಿ ನೋಡುತ್ತೇನೆಂದು ಮೇಸ್ತ್ರಿಯನ್ನು ಕಾಡಿ ಬೇಡಿ ಭಾನುವಾರಕ್ಕೆ ಇಸ್ಕೊಂಡು ಹೋದಳು.

ದಡದಲ್ಲಿ ನಾದಿನಿ ಕಾಲು ಜಾರದಿರಲೆಂದು ರಾಣಿಯ ಬೆನ್ನಿಗೆ ಮೇಣ ತಿಕ್ಕಿ, ಬಟ್ಟೆ ಬದಲಿಸಲು ಹೋದಳು. ವಾಪಸು ಬಂದು ನೋಡಿದರೆ ಮೇಣವೇ ಇಲ್ಲ. ಅತ್ತಿಗೆ ಅಂಗಿಯ ತುದಿಯಿಂದ ಒರೆಸಿ ಒರೆಸಿ ಮತ್ತೆ ಕನ್ನಡಿ ಮಾಡಿಟ್ಟಿದ್ದಾಳೆ!

“ಅತ್ತಿಗೇ! ಏನು ಮಾಡಿದ್ರಿ?”

“ಯಾರೋ ಏನೋ ಅಂಟು ಮೆತ್ತಿಬಿಟ್ಟಿದ್ರು ಕಣೇ. ನೋಡೋಕಾಗ್ಲಿಲ್ಲ. ತೆಗೆದುಹಾಕಿದೆ.”

“ಮೆತ್ತಿದ್ದು ನಾನು! ನೀವು ನಿಂತ್ಕೊಳ್ಳೋಕೆ ಅಂತ!”

“ಅಷ್ಟು ಚೆನ್ನಾಗಿ ಉಜ್ಜಿರೋದರ ಮೇಲೆ ಮೇಣ ಹಚ್ತಾರಾ? ತಲೆ ಕೆಟ್ಟಿದೆಯಾ ಇವರಿಗೆಲ್ಲಾ?”

ಜಗತ್ತಿನಲ್ಲಿ ಬೇರೆ ಯಾರೂ ಮಾಡದ ತಪ್ಪು ಇದು. ಹತ್ತು ವರ್ಷ ಅಂಟು ಕಂಡಲ್ಲೆಲ್ಲ ಒರೆಸಿದ ಕೈ ಮಾಡಿದ ತಪ್ಪು. ಮತ್ತೆ ಮೇಣ ತಿಕ್ಕಿ ನೀರಿಗೆ ಇಳಿದರೂ ರಾಣಿ ಒಲಿಯಲಿಲ್ಲ. ಉಪ್ಪಕ್ಕ ಮಲಗಿದಾಕ್ಷಣ ಎದೆಮಟ್ಟ ಮುಳುಗಿದಳು. ಕೈ ಬಡಿದರೆ ಎಡಕ್ಕೊಂದು ಸಲ, ಬಲಕ್ಕೊಂದು ಸಲ ಮಗುಚಿಕೊಂಡಳು. ಅಲೆ ಬಂತು, ಚೂಪು ಮೂತಿ ನೇರ ನೀರಿಗೆ ಚುಚ್ಚಿತು, ಉಪ್ಪಕ್ಕನ ಕಾಲು ಆಕಾಶ ನೋಡಿತು. ದಡದಲ್ಲಿ ಕೂತಿದ್ದ ಹೋಟೆಲಿನ ಅತಿಥಿಗಳು ಸಿಳ್ಳೆ ಹೊಡೆದರು. ಅವಳು ಎದ್ದು ಮೂಗು ಸೀನಿಕೊಂಡು ಮತ್ತೆ ಹೋದಳು. ಮತ್ತೆ ಅದೇ. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ತರಚಿತ್ತು. ಆದರೆ ಮುಖದಲ್ಲಿ ಸೋತ ಕಳೆ ಮಾತ್ರ ಇರಲಿಲ್ಲ.

“ತಪ್ಪು ನಂದಲ್ಲ, ಇವಳದು,” ಎಂದು ರಾಣಿಯನ್ನು ತೋರಿಸಿದಳು.

“ಇವಳದೂ ಅಲ್ಲ ಅತ್ತಿಗೆ. ಇವಳು ಚಿಕ್ಕಂದಿನಿಂದ ನೀರಲ್ಲೇ ಬಿದ್ದಿರೋರಿಗೆ ಮಾಡಿದವಳು. ಅವರಿಗೆ ಗಕ್ಕನೆ ತಿರುಗಬೇಕು, ನೆಗೀಬೇಕು. ನಿಮಗೆ ಏನು ಬೇಕು?”

“ನಿಂತ್ಕೋಬೇಕು.”

“ಹಾಗಿದ್ರೆ ನಿಮ್ಮ ಅಂಗೈನ ಮನೇಲಿ ಬಿಟ್ಟು ಬನ್ನಿ. ಹೊಟ್ಟೇಲಿ ಆರಿಸಿ. ಮಲಗಿದಾಗ ಹೊಟ್ಟೆ ಒದ್ದೆ ಆಗಬಾರದು, ಅಷ್ಟು ದಪ್ಪ ಇರಬೇಕು. ಅಗಲವಾಗಿರಬೇಕು, ಆದರೆ ಕಂಕುಳಲ್ಲಿ ಹಿಡಿದರೆ ಬೆರಳು ಆಚೆ ಅಂಚಿಗೆ ಸಿಗಬೇಕು, ಇಲ್ದಿದ್ರೆ ದಡಕ್ಕೆ ತರೋಕೇ ಇಬ್ಬರು ಬೇಕು. ಮೂತಿ ದುಂಡಗೆ, ಅಡಿ ಸಪಾಟು. ಉದ್ದ ನಿಮ್ಮ ಮೇಲೆ ಇನ್ನೂ ಅರ್ಧ ಆಳು ನಿಂತಷ್ಟು. ಉದ್ದ ಇದ್ದರೆ ಅಲೆ ಬೇಗ ಎತ್ಕೊಳುತ್ತೆ, ಎದ್ದೇಳೋಕೆ ನಿಮಗೆ ಪುರುಸೊತ್ತು ಸಿಗುತ್ತೆ.”

“ಪುರುಸೊತ್ತು ಅನ್ನು,” ಎಂದಳು ಉಪ್ಪಕ್ಕ. “ಅದೊಂದು ಕೊಡೋ ಹಲಗೆ ಇದ್ರೆ ಎರಡು ಬೇಕು ನಂಗೆ.”

ಮರುದಿನ ಊಟದ ಬಿಡುವಿನಲ್ಲಿ ಅವಳು ಡಬ್ಬಿ ಬಿಚ್ಚಲಿಲ್ಲ. ಮಾರಾಟಕ್ಕೆ ಹೋಗುವ ಮುಂಚೆ ಹಲಗೆಗಳು ನಿಲ್ಲುವ ಚೌಕಟ್ಟಿನ ಮುಂದೆ ನಿಂತಳು. ರಾಣಿಯ ಕಡೆ ತಿರುಗಿಯೂ ನೋಡಲಿಲ್ಲ. ಉದ್ದದ್ದು ನಾಲ್ಕೈದಿದ್ದವು. ಒಂದರ ಮೂತಿ ದೋಣಿಯಂತೆ ಮೇಲಕ್ಕೆದ್ದಿತ್ತು. ಎದುರಿನ ನೀರನ್ನೆಲ್ಲ ದೂಡಿಕೊಂಡು ಹೋಗುತ್ತೆ ಅಂತ ಬಿಟ್ಟಳು. ಇನ್ನೊಂದು ಎಲ್ಲದಕ್ಕೂ ಸರಿಯಿತ್ತು, ಎತ್ತಿದರೆ ಮಂಚ ಎತ್ತಿದಂತಾಯಿತು. ಮೂಲೆಯಲ್ಲಿ, ಎಲ್ಲದರ ಹಿಂದೆ, ಎಮ್ಮೆ ಒರಗಿಕೊಂಡಿತ್ತು.

ಯಾರೋ ಗಿರಾಕಿ ಹೇಳಿ ಮಾಡಿಸಿ, ಕೊನೆಗೆ ಬೇಡವೆಂದು ಬಿಟ್ಟುಹೋದ ಹಲಗೆ. ಬೂದು ಬಣ್ಣ, ಅಗಲ ಬೆನ್ನು, ಕೈಗೆ ಸಿಗದಷ್ಟು ದುಂಡನೆ ಅಂಚು. ಅದನ್ನು ಉಜ್ಜಿದ ವಾರ ಇಡೀ ಕೋಣೆ ಭುಜಕ್ಕೆ ಎಣ್ಣೆ ತಿಕ್ಕಿಕೊಂಡಿತ್ತು. ಎಮ್ಮೆ ಎಂದು ಹೆಸರಿಟ್ಟವಳು ಸ್ವತಃ ಉಪ್ಪಕ್ಕನೇ.

“ಅದಾ?” ಎಂದಳು ದೊಡ್ಡಮ್ಮ, ತುತ್ತು ಕೈಯಲ್ಲೇ ಹಿಡಿದು. “ಅದನ್ನ ಅವತ್ತು ಎಷ್ಟು ಬೈದೆ ನೀನು, ಅದರ ವಂಶನೇ ಜಾಲಾಡಿದೆ!”

“ಬೈದವರಿಗೇ ಗಂಟು ಬೀಳೋದು ದೊಡ್ಡಮ್ಮ. ನನ್ನ ಮದುವೇನೂ ಹಾಗೇ ಆಗಿದ್ದು. ಹಿಡ್ಕೋ ಆ ಕಡೆ.”

ಇಬ್ಬರೂ ಸೇರಿ ಎಮ್ಮೆಯನ್ನು, ಉಜ್ಜುವಾಗ ಹಲಗೆ ಇಡುವ ಕಾಲುಮಣೆಗಳ ಮೇಲೆ ಮಲಗಿಸಿದರು. ಉಪ್ಪಕ್ಕ ಬೆರಳ ಗೆಣ್ಣಿನಿಂದ ಮೂತಿಯಿಂದ ಬಾಲದವರೆಗೆ ತಟ್ಟುತ್ತ ಹೋದಳು. ಎಲ್ಲ ಕಡೆ ಒಂದೇ ದನಿ. ಎಲ್ಲೂ ಫೋಮಿನಿಂದ ಬಟ್ಟೆ ಎದ್ದು ಟೊಳ್ಳಾಗಿರಲಿಲ್ಲ. ಅಡಿಯಲ್ಲಿ ನೆಟ್ಟಗೆ ಹೋಗಲೆಂದು ಮೀನಿನ ರೆಕ್ಕೆಯಂಥ ಒಂದೇ ಒಂದು ದೊಡ್ಡ ಫಿನ್, ಅಲುಗಾಡಿಸಿದರೆ ಅಲುಗಲಿಲ್ಲ. ಕಂಕುಳಲ್ಲಿ ಹಿಡಿದಳು. ಬೆರಳ ತುದಿ ಆಚೆ ಅಂಚನ್ನು ಮುಟ್ಟಿತು, ಅಷ್ಟೇ, ಆದರೆ ಮುಟ್ಟಿತು. ಆಮೇಲೆ ಏಪ್ರನ್ ಬಿಚ್ಚಿಟ್ಟು ಹಲಗೆಯ ಮೇಲೆ ಬೋರಲು ಮಲಗಿದಳು. ಕೋಣೆಯ ಹೆಂಗಸರೆಲ್ಲ ಡಬ್ಬಿ ಹಿಡಿದುಕೊಂಡೇ ಸುತ್ತ ನೆರೆದರು. ಉಪ್ಪಕ್ಕ ಗಾಳಿಯಲ್ಲಿ ಕೈ ಬಡಿದಳು.

“ಅಯ್ಯೋ, ಬೇಗ ಬೇಗ, ಊಟದ ಹೊತ್ತು ಮುಗಿಯೋದ್ರೊಳಗೆ ದಡ ಸೇರು!” ಎಂದಳು ಒಬ್ಬಳು.

“ಅಲೆ ಬಂತು!” ಎಂದು ದೊಡ್ಡಮ್ಮ ಹಿಂದಿನಿಂದ ಮಣೆ ಅಲ್ಲಾಡಿಸಿದಳು.

ಉಪ್ಪಕ್ಕ ಅಂಗೈ ಊರಿ, ಎದೆ ಎತ್ತಿ, ಒಂದು ಕಾಲು ಮುಂದಕ್ಕೆ ತಂದು ಎದ್ದು ನಿಂತಳು. ಕಾಲುಮಣೆ ಕಿರುಗುಟ್ಟಿತು. ಎರಡೂ ಪಾದಕ್ಕೆ ಜಾಗವಿತ್ತು. ಪಾದದ ಸುತ್ತಲೂ ಇನ್ನೂ ಜಾಗವಿತ್ತು. ಆ ಎತ್ತರದಿಂದ ನೋಡಿದರೆ ಮುಚ್ಚಿದ ಕಿಟಕಿಯ ಸಂದಿಯಲ್ಲಿ ಹೊರಗಿನ ಬಿಸಿಲು ಕಾಣುತ್ತಿತ್ತು. ಕೆಳಗಿನವರು ಈಗ ನಗುತ್ತಿರಲಿಲ್ಲ. ಒಬ್ಬೊಬ್ಬಳ ಮುಖದಲ್ಲೂ, ನಾನೂ ಒಂದು ಸಲ ನಿಲ್ಲಲಾ ಎನ್ನುವ ಆಸೆ ಇಣುಕುತ್ತಿತ್ತು. ದೊಡ್ಡಮ್ಮ ನಿಂತೇಬಿಟ್ಟಳು. ಆಮೇಲೆ ಇನ್ನಿಬ್ಬರು.

ಮೇಸ್ತ್ರಿ ಬಾಗಿಲಲ್ಲಿ ನಿಂತು ನೋಡಿದ. “ಇದೇ ನಿಂದಾ?” ಎಂದ.

“ಇದೇ ನಂದು. ಯಜಮಾನ್ರಿಗೆ ಹೇಳ್ಬಿಡು.”

“ಹೇಳ್ತೀನಿ. ಈ ಎಮ್ಮೇನ ಯಾರು ಮೂಸಿ ನೋಡ್ತಾರೆ, ನೀನೇ ಕಟ್ಕೋ.”

ಮೇಸ್ತ್ರಿ ಹೇಳಿದ. ಯಜಮಾನರು ಹೂಂ ಅಂದರು. ಉಪ್ಪಕ್ಕ ಫಿನ್ನಿನ ಬುಡಕ್ಕೆ ಬಟ್ಟೆ ಚೂರು ಕಟ್ಟಿದಳು. ಭಾನುವಾರ ಒಯ್ಯುವುದೆಂದು ಮಾತಾಯಿತು. ಮನೆಯಲ್ಲಿ ಗಂಡ ಹಲಗೆ ಇಡಲು ಹಜಾರದ ಗೋಡೆಗೆ ಎರಡು ಕೊಕ್ಕೆ ಹೊಡೆದ. ಒಂಬತ್ತೂವರೆ ಅಡಿಗೆ ಹಜಾರ ಸಾಲದೆ ಮೂತಿ ಮಲಗುವ ಕೋಣೆಯೊಳಗೆ ಬರುತ್ತದೆಂದು ಗೊತ್ತಾದಾಗ, “ಸರಿ, ಬಾಗಿಲು ತೆಗೆದೇ ಮಲಗೋಣ,” ಎಂದ.

ಶನಿವಾರ ಬಂದು ನೋಡಿದರೆ ಮೂಲೆ ಖಾಲಿ.

ಹೋಟೆಲಿನವರು ಹಿಂದಿನ ಸಂಜೆ ಬಂದಿದ್ದರಂತೆ. ಅವರ ಅತಿಥಿಗಳಲ್ಲಿ ಹೆಚ್ಚಿನವರು ಹೊಸಬರು. ಹೊಸಬರಿಗೆ ಅಗಲ, ದಪ್ಪ, ಸಪಾಟು ಹಲಗೆ ಬೇಕಿತ್ತು. ಎಮ್ಮೆಯ ಬೆಲೆ ಏನೆಂದು ಉಪ್ಪಕ್ಕನಿಗೆ ಗೊತ್ತಾದ ವಾರವೇ ಅವರಿಗೂ ಗೊತ್ತಾಗಿತ್ತು.

“ನೀನು ಹೇಳ್ಲಿಲ್ವಾ, ಅದು ನಂದು ಅಂತ?” ಎಂದು ಉಪ್ಪಕ್ಕ ಮೇಸ್ತ್ರಿಯನ್ನು ಕೇಳಿದಳು.

ಮೇಸ್ತ್ರಿ ಉಳಿಯ ಬಾಯಿ ನೋಡಿದ. “ಹೇಳ್ದೆ. ಅವಳಿಗೆ ಬೇರೆ ಒಂದು ಕೊಟ್ರಾಯ್ತು ಅಂದ್ರು. ನಾನೇನು ಮಾಡ್ಲಿ, ಅಡ್ಡ ಮಲಗ್ಲಾ?”

“ಮಲಗಬಹುದಿತ್ತು. ಅಗಲವಾಗೇ ಇದೀಯ,” ಎಂದಳು ದೊಡ್ಡಮ್ಮ.

ಅಷ್ಟರಲ್ಲಿ ರಸ್ತೆ ಬದಿಯ ಗಾಜಿನ ಕೋಣೆಯಿಂದ ಯಜಮಾನರ ಕರೆ ಬಂತು. ಉಪ್ಪಕ್ಕ ಒಬ್ಬಳೇ ಹೋಗಲಿಲ್ಲ. ದೊಡ್ಡಮ್ಮನೂ ಹಿಂದೆ ಹೊರಟಳು, ಅವಳ ಹಿಂದೆ ಕೋಣೆಯ ಉಳಿದವರೂ. ಗಾಜಿನ ಬಾಗಿಲ ಹತ್ತಿರ ಬಿಳಿ ಪರದೆ ಇಳಿಬಿಟ್ಟಿತ್ತು. ಕ್ಯಾಮೆರಾದವನು ದೀಪದ ಕುತ್ತಿಗೆ ತಿರುಗಿಸುತ್ತಿದ್ದ. ಯಜಮಾನರು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಮದುವೆ ಗಂಡಿನ ಅಪ್ಪನಂತೆ ನಗುತ್ತ ನಿಂತಿದ್ದರು. ಪರದೆಯ ಮುಂದೆ ರಾಣಿ ಒರಗಿತ್ತು.

“ಬಾಮ್ಮ ಬಾ,” ಎಂದರು ಯಜಮಾನರು. “ನೀನು ಕಡಲಿಗೆ ಹೋಗ್ತೀಯಂತೆ, ಗೊತ್ತೇ ಇರಲಿಲ್ಲ ನಂಗೆ! ಹೋಟೆಲ್‌ನವರಿಗೆ ಕೇಳಿ ಬಹಳ ಖುಷಿ ಆಯ್ತು. ಹಲಗೆ ಉಜ್ಜೋ ಹೆಣ್ಣುಮಗಳೇ ಅಲೆ ಮೇಲೆ! ದೊಡ್ಡ ಫೋಟೋ ಮಾಡಿ ಅವರ ಬಾಗಿಲಲ್ಲಿ ಹಾಕ್ತಾರಂತೆ. ಇದನ್ನ ಹಿಡ್ಕೊಂಡು ಸ್ವಲ್ಪ ನಗು.”

“ನನ್ನ ಹಲಗೆ ಎಲ್ಲಿ ಸಾರ್?”

“ಇದೇ ನಿಂದು. ಎಲ್ಲಕ್ಕಿಂತ ಚೆನ್ನಾಗಿರೋದನ್ನೇ ಕೊಡ್ತಾ ಇದೀನಿ. ಆ ದಪ್ಪಂದು ಏನಕ್ಕೆ ನಿಂಗೆ? ಇದರ ಹೊಳಪು ನೋಡು!”

“ಹೊಳಪು ಕೊಟ್ಟಿದ್ದು ನಾನೇ ಸಾರ್, ನಂಗೆ ಗೊತ್ತು. ಇದರ ಮೇಲೆ ನಂಗೆ ನಿಲ್ಲೋಕಾಗಲ್ಲ. ಬಿದ್ದು ನೋಡಿದೀನಿ. ಹೊಸಬರು ನಿಲ್ಲೋಕೆ ಎಂಥದ್ದು ಬೇಕೋ ಅಂಥದ್ದನ್ನ ಆರಿಸಿದ್ದೆ. ನೀವು ಹೂಂ ಅಂದಿದ್ರಿ.”

“ಫೋಟೋದಲ್ಲಿ ನೀನು ನೀರಿಗೇನೂ ಇಳಿಯಲ್ವಲ್ಲಮ್ಮ. ಹಿಡ್ಕೊಂಡ್ರೆ ಸಾಕು.” ಅವರು ಕ್ಯಾಮೆರಾದವನ ಕಡೆ ನೋಡಿ ನಕ್ಕರು. ಅವನೂ ಕೂಲಿಯ ನಗೆ ನಕ್ಕ.

ನೋಡಿ, ಇವರ ಲೆಕ್ಕವೇ ಹೀಗೆ. ಅಲೆಯ ಮೇಲೆ ನಿಲ್ಲುವ ಹಲಗೆ ಹೋಟೆಲಿನ ಅತಿಥಿಗೆ, ಅಲೆಯ ಮೇಲೆ ನಿಂತ ಹೆಸರು ಉಜ್ಜುವವಳಿಗೆ. ಹಲಗೆಯನ್ನೂ ಮಾರಬಹುದು, ಹಲಗೆ ಇಲ್ಲದವಳ ನಗುವನ್ನೂ ಮಾರಬಹುದು. ಉಪ್ಪಕ್ಕನಿಗೆ ಇದನ್ನು ಇಷ್ಟು ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ. ಆದರೆ ಮೈ ಉರಿಯಿತು. ಉರಿದರೂ ದನಿ ಏರಲಿಲ್ಲ. ಮಣೆಯ ಮೇಲೆ ಎದ್ದು ನಿಂತಾಗ ಪಾದದ ಸುತ್ತ ಇದ್ದ ಜಾಗ ಈಗಲೂ ಪಾದದ ಸುತ್ತ ಇದ್ದಂತಿತ್ತು.

“ಮೇಸ್ತ್ರಿ ಕೋಣೇಲಿ ಅದೇ ಉದ್ದದ ಫೋಮ್ ದಿಮ್ಮಿ ಇನ್ನೊಂದಿದೆ ಸಾರ್,” ಎಂದಳು. “ಅಳತೆ ಮೇಸ್ತ್ರಿಗೆ ಬಾಯಿಪಾಠ. ಅದನ್ನ ಹಾಗೇ ಕೆತ್ತಿಸಿ. ಉಜ್ಜೋದು ನಾವು ನೋಡ್ಕೋತೀವಿ, ಅಂಚು ಎಷ್ಟು ದಪ್ಪ ಇದ್ರೂ ಸರಿ. ಅದು ಬಂದ ದಿನ ಫೋಟೋ ಏನು, ಸಿನಿಮಾನೇ ತೆಗೀರಿ.”

“ಆಗ್ಲಿ, ಆಗ್ಲಿ, ಅದನ್ನ ಆಮೇಲೆ ನೋಡೋಣ. ಈಗ ಕ್ಯಾಮೆರಾದವನಿಗೆ ಹೊತ್ತಾಗ್ತಿದೆಯಂತೆ, ಹಿಡ್ಕೋ.”

“ಆಮೇಲೆ ಅನ್ನೋದನ್ನೂ ನೋಡಿದೀನಿ ಸಾರ್. ನಿನ್ನೆ ಸಂಜೆ ಗಾಡಿ ಹತ್ತಿ ಹೋಯ್ತು.”

ಹಿಂದೆ ಯಾರೋ ಕಿಸಕ್ಕೆಂದರು. ಯಜಮಾನರ ನಗು ಒಣಗಿತು.

“ಏನಮ್ಮಾ, ಉಡುಗೊರೆ ಕೊಟ್ಟರೆ ಜಗಳಕ್ಕೆ ಬರ್ತೀಯಾ? ಬೇಡ ಅಂದ್ರೆ ಗಡಿಯಾರ ತಗೊಂಡು ಹೋಗು. ಫೋಟೋಗೆ ಇನ್ನೊಬ್ಬಳು ನಿಲ್ತಾಳೆ. ಏಯ್, ನೀನು ಬಾ,” ಎಂದು ದೊಡ್ಡಮ್ಮನಿಗೆ ಬೆರಳು ಮಾಡಿದರು.

ದೊಡ್ಡಮ್ಮ ತನ್ನ ಹಿಂದೆ ಯಾರಾದರೂ ಇದ್ದಾರೋ ಎಂದು ತಿರುಗಿ ನೋಡಿದಳು. “ನಂಗಾ ಸಾರ್? ನಂಗೆ ನೀರು ಕಂಡ್ರೆ ಭಯ. ಎಮ್ಮೆ ಮೇಲೆ ಒಂದ್ಸಲ ನಿಂತಿದ್ದೆ, ಅದೂ ಇಲ್ಲ ಈಗ.” ಉಳಿದವರೂ ಒಬ್ಬೊಬ್ಬರಾಗಿ ತಮ್ಮ ಚಪ್ಪಲಿ ನೋಡಿಕೊಂಡರು. ಯಾರೂ ಜಾಗ ಬಿಟ್ಟು ಕದಲಲಿಲ್ಲ.

ಯಜಮಾನರು ಎರಡು ಹೆಜ್ಜೆ ಮುಂದೆ ಬಂದು ತಾವೇ ರಾಣಿಯನ್ನು ಎತ್ತಿ ಉಪ್ಪಕ್ಕನ ಎದೆಗೆ ಚಾಚಿದರು. ದೀಪ ಹತ್ತಿತು. ಆ ಬೆಳಕಿನಲ್ಲಿ ಅವಳ ಹುಬ್ಬಿನ ಧೂಳು ಒಂದೊಂದೇ ಕಣವಾಗಿ ಹೊಳೆಯಿತು. ಹಲಗೆ ಅವರಿಬ್ಬರ ನಡುವೆ ಗಾಳಿಯಲ್ಲಿ ನಿಂತಿತ್ತು; ಹಿಡಿದು ಅಭ್ಯಾಸವಿಲ್ಲದ ಯಜಮಾನರು ಒಂದು ಕೈಯಿಂದ ಇನ್ನೊಂದು ಕೈಗೆ ಹಿಡಿತ ಬದಲಿಸಿದರು.

“ಹಿಡ್ಕೋ,” ಎಂದರು.

ಉಪ್ಪಕ್ಕ ಎರಡೂ ಕೈಯನ್ನು ಏಪ್ರನ್ನಿನ ಜೇಬಿಗೆ ಇಳಿಬಿಟ್ಟಳು.

“ಹಿಡಿಯಲ್ಲ ಸಾರ್,” ಎಂದಳು.